ಬ್ಯಾಕ್‌ಗ್ರೌಂಡ್

ಡಿಜಿಟಲ್ ಪೇಂಟಿಂಗ್ ಕಲಿಸುವ ನಮ್ಮ ಮೇಷ್ಟ್ರು ಹೊಸ ಹುಡುಗಿಯ ಮೇಜಿಗೆ ಕೈಯೂರಿ ಹಲ್ಲು ಕಿರಿದರು.

"ನಿಮ್ಮ ಬ್ಯಾಕ್‌ಗ್ರೌಂಡ್ ಏನಮ್ಮಾ?"

ಅವಳು ಟ್ಯಾಬ್ ತಿರುಗಿಸಿ, ತಾನು ಬಿಡಿಸುತ್ತಿದ್ದ ಗುಡ್ಡ, ಮೋಡ ತೋರಿಸಿದಳು.

"ಚಿತ್ರದ್ದಲ್ಲ, ನಿಮ್ಮದು. ಮನೆ ಕಡೆ ಯಾವ ಜನ?"

ಅವಳು ಹೇಳಿದಳು. ಮೇಷ್ಟ್ರು ಮೇಜಿನಿಂದ ಕೈ ತೆಗೆದು ಪ್ಯಾಂಟಿಗೆ ಒರೆಸಿಕೊಂಡರು.

ಏನೂ ಆಗದವರಂತೆ ಅವರು ಅಂದಿನ ಅಭ್ಯಾಸ ಕೊಟ್ಟರು. "ಕಣ್ಣಿಗೆ ಬಿದ್ದ ಯಾರನ್ನಾದ್ರೂ ಬಿಡಿಸಿ, ಬೇರೆ ಜಾಗದಲ್ಲಿ ನಿಲ್ಲಿಸಿ. ಜಾಸ್ತಿ ಯೋಚ್ನೆ ಮಾಡ್ಬೇಡಿ, ಪಟಪಟ ಬರ್ಬೇಕು. ಬ್ಯಾಕ್‌ಗ್ರೌಂಡ್ ಬದಲಾದ್ರೆ ಮನುಷ್ಯನೇ ಬದಲಾಗ್ತಾನೆ." ಆಮೇಲೆ ನಮಗೆ ಬೆನ್ನು ಹಾಕಿ ಬೋರ್ಡಿನ ಮೇಲೆ ಬರೆಯತೊಡಗಿದರು.

ಕೊನೆಗೆ ಎಲ್ಲರ ಚಿತ್ರಗಳೂ ದೊಡ್ಡ ಪರದೆಗೆ ಬಂದವು. ಅವಳದರಲ್ಲಿ ಉಕ್ಕಿ ಹರಿಯುವ ಮೋರಿ, ಹಂದಿಗಳು, ಹುಳು ಹತ್ತಿದ ಎಂಜಲೆಲೆಗಳ ರಾಶಿ. ನಡುವೆ ಬೆನ್ನು ತೋರಿಸಿ ನಿಂತ, ನೆತ್ತಿ ಬೋಳಾದ ಒಬ್ಬ ಗಂಡಸು.

ಮೇಷ್ಟ್ರು ಮೂಗು ಮುಚ್ಚಿಕೊಂಡರು.

"ಥೂ! ನೋಡಿದ್ರೇ ಗಬ್ಬು ನಾರ್ತಾನೆ. ಯಾರೇ ಇವನು, ನಿಮ್ಮೋನಾ?"

"ಅಲ್ಲ ಸರ್, ನೀವೇ. ಬೋರ್ಡ್ ಕಡೆ ತಿರುಗಿದ್ರಲ್ಲ, ಆಗ ಬಿಡಿಸ್ದೆ. ಬ್ಯಾಕ್‌ಗ್ರೌಂಡ್ ಒಂದೇ ಬದಲಾಯಿಸಿರೋದು."