ಎಲ್ಲಕ್ಕಿಂತ ಮೇಲಿನ ಸಾಲು

ಗುರುತು ಸಿಗದ ಶವಗಳ ಚಹರೆಯನ್ನು ಕಾಣೆಯಾದವರ ದೂರುಗಳೊಂದಿಗೆ ಹೊಂದಿಸುವ ಪ್ರೋಗ್ರಾಮನ್ನು ವಾರಿಜಾ ಆರು ವರ್ಷದ ಹಿಂದೆ ಬರೆದಿದ್ದಳು. ಒಂದೊಂದು ಸಾಲಿಗೆ ಒಂದೊಂದು ಚಹರೆ. ಅದು ಮೇಲಿನಿಂದ ನೋಡುತ್ತ ಬಂದು, ಯಾವ ಸಾಲಿಗೆ ಹೊಂದಿತೋ ಅಲ್ಲಿಗೇ ನಿಲ್ಲುತ್ತದೆ. ಕೆಳಗಿನವನ್ನು ನೋಡುವುದೇ ಇಲ್ಲ.

ಆ ಪ್ರೋಗ್ರಾಮ್ ಬರೆದ ಕಂಪ್ಯೂಟರ್ ಭಾಷೆಗೆ ಬಂದ ಹೊಸ ಎಕ್ಸ್‌ಟೆನ್ಷನ್ನನ್ನು, ಅಂದರೆ ಹೆಚ್ಚುವರಿ ಸೌಲಭ್ಯವನ್ನು, ಅವಳ ಕೈಕೆಳಗಿನ ಇಲಿಯಾಸ್ ಅವತ್ತು ಸೇರಿಸಿದ. ಇನ್ನು 'ಮಚ್ಚೆ ಅಥವಾ ಹಚ್ಚೆ' ಎಂದು ಒಂದೇ ಸಾಲಿನಲ್ಲಿ ಬರೆಯಬಹುದಿತ್ತು. ಹಳೆಯ ಒಂಬತ್ತು ಶವಗಳಿಗೆ ಹೆಸರು ಸಿಕ್ಕಿತು.

"ಮೇಡಂ, ಒಂದು ಮಾತ್ರ ಹಠ ಮಾಡ್ತಿದೆ. ಎಡಗೈಯಲ್ಲಿ ಆರು ಬೆರಳು, ಕತ್ತಿನ ಮೇಲೆ ಸುಟ್ಟ ಕಲೆ. ದೂರಿನಲ್ಲೂ ಅದೇ ಇದೆ. ನನ್ನ ಕಣ್ಣಿಗೆ ಕಾಣೋದು ಇದಕ್ಕೆ ಕಾಣಲ್ವಾ?"



ಇಲಿಯಾಸ್ ಕೋಡಿನ ಮೇಲ್ತುದಿಗೆ ಹೋದ. "ಅಯ್ಯೋ, ಇಲ್ಲಿದೆ ನೋಡಿ! ಯಾರೋ ಎಲ್ಲಕ್ಕಿಂತ ಮೇಲೆ ಒಂದು ಸಾಲು ತುರುಕಿದ್ದಾರೆ. ಆರು ಬೆರಳು, ಸುಟ್ಟ ಕಲೆ ಇದ್ದರೆ 'ಯಾರಿಗೂ ಹೊಂದುವುದಿಲ್ಲ' ಅನ್ನು ಅಂತ. ಯಾವ ಪುಣ್ಯಾತ್ಮರ ಕೆಲಸ ಇದು?"

"ತೆಗೆದರೆ ಏನಾಗುತ್ತೆ?"

"ಮನೆಯವರಿಗೆ ತಾನಾಗಿಯೇ ಸುದ್ದಿ ಹೋಗುತ್ತೆ. ದೂರು ಕೊಟ್ಟಿರೋದು ತಾಯಿ, ಮೇಡಂ. ನಾಲ್ಕು ವರ್ಷದಿಂದ ಕಾಯ್ತಿದ್ದಾರೆ, ಪಾಪ. ಅಳಿಸಿಬಿಡ್ಲಾ?"

ಮೇಜಿನ ಮೇಲೆ ವಾರಿಜಾಳ ಮೊಬೈಲ್ ರಿಂಗಾಯಿತು. ದಿನವೂ ಊಟದ ಹೊತ್ತಿಗೆ ಬರುವ ಕರೆ. ತಾಳು ಎಂದು ಇಲಿಯಾಸನಿಗೆ ಕೈಸನ್ನೆ ಮಾಡಿ ಅವಳು ಫೋನ್ ಎತ್ತಿಕೊಂಡಳು.

"ಇಲ್ಲಮ್ಮಾ, ಅಣ್ಣನ ಸುದ್ದಿ ಇವತ್ತೂ ಏನೂ ಬಂದಿಲ್ಲ."