ಎರಡನೆಯ ಸಾಕ್ಷಿ

“ಸರಿ, ಎರಡನೆಯ ಸಾಕ್ಷಿ ಆಗ ಎಲ್ಲಿದ್ದ?” ಎಂದು ತರಬೇತುದಾರ ಕೇಳಿದ್ದೇ ತಡ, ವಕೀಲಮ್ಮನ ಕೈಯಲ್ಲಿದ್ದ ಪೆನ್ನು ಜಾರಿ ನೆಲಕ್ಕೆ ಬಿತ್ತು.

ಅಲ್ಲಿಯವರೆಗೆ ಎಲ್ಲವೂ ಪ್ರತಿ ವರ್ಷದಂತೆಯೇ ಇತ್ತು. ಊರಿನ ವಕೀಲರೆಲ್ಲ ವರ್ಷಕ್ಕೊಮ್ಮೆ ಈ ಸಭಾಂಗಣಕ್ಕೆ ಬಂದು ಹೊಸ ಕಾನೂನು, ಹೊಸ ತೀರ್ಪುಗಳ ಸುದ್ದಿ ಕೇಳಲೇಬೇಕು. ಕೇಳದವರ ಸನದು ಮುಂದುವರಿಯುವುದಿಲ್ಲ. ಸನದಿಲ್ಲದವರು ಕರಿ ಕೋಟು ಮಡಿಸಿ ಪೆಟ್ಟಿಗೆಗೆ ಹಾಕಬೇಕು. ಗೋಡೆಗೂ ಆಕಳಿಕೆ ಬರುವಂಥ ಪಾಠಗಳು. ಬೆಳಗಿನ ತಿದ್ದುಪಡಿಗಳ ಪಾಠದಲ್ಲಿ ಪಕ್ಕದ ಕುರ್ಚಿಯ ದಪ್ಪ ವಕೀಲರು ಹೊಡೆದ ಗೊರಕೆಗೆ ಕಿಟಕಿಯ ಪರದೆಯೇ ಹಾರಾಡಿತ್ತು.

ಊಟದ ನಂತರ ಈ ತರಬೇತುದಾರ ಬಂದ. ಕಡ್ಡಿಯಂಥ ಆಸಾಮಿ, ಗಾಳಿ ಜೋರಾಗಿ ಬೀಸಿದರೆ ಪಕ್ಕದ ಊರಲ್ಲಿ ಹುಡುಕಬೇಕು. ಉಯಿಲು ಬರೆಸುವಾಗ ಆಗುವ ತಪ್ಪುಗಳು ಎಂದು ಹಲಗೆಯ ಮೇಲೆ ಬರೆದು, ಕಥೆ ಶುರು ಮಾಡಿದ.

“ಒಂದು ಮಧ್ಯಾಹ್ನ. ಹಾಸಿಗೆ ಹಿಡಿದ ಮುದುಕರು ಉಯಿಲಿಗೆ ರುಜು ಹಾಕಿದ್ರು. ಅದನ್ನ ಇಬ್ಬರು ಸಾಕ್ಷಿಗಳು ಕಣ್ಣಾರೆ ನೋಡ್ಬೇಕು. ನೋಡಿದ್ದು ಒಬ್ರೇ. ವಕೀಲರಿಗೋ ಅವಸರ. ಕಾಗದ ಹೊರಗೆ ತಗೊಂಡು ಹೋಗಿ, ಏನೂ ನೋಡದವರ ಹತ್ರ ಸಾಕ್ಷಿ ರುಜು ಹಾಕಿಸಿಬಿಟ್ರು. ಆ ವಕೀಲರ ಹೆಸರು ಮಾತ್ರ ಕೇಳ್ಬೇಡಿ, ಹೇಳೋಕಾಗಲ್ಲ.”

ವಕೀಲಮ್ಮನ ಬೆನ್ನ ಹಿಂದೆ ಯಾರೋ ಕೆಮ್ಮಿದಂತಾಯಿತು. ಒಣ ಕೆಮ್ಮು, ತಗಡಿನ ಡಬ್ಬ ನೆಲದ ಮೇಲೆ ಎಳೆದಂಥದ್ದು. ತಿರುಗಿ ನೋಡುವ ಅಗತ್ಯವೇ ಇರಲಿಲ್ಲ. ಅದು ಯಾರದೆಂದು ಅವರಿಗೆ ಗೊತ್ತಿತ್ತು.

ಆ ಕೆಮ್ಮಿನ ಮುದುಕರ ಉಯಿಲಿಗೆ ವಕೀಲಮ್ಮ ರುಜು ಹಾಕಿಸಿದ ದಿನ, ಡಾಕ್ಟರು ಒಂದು ಸಾಕ್ಷಿ ಹಾಕಿ ಹೊರಟುಹೋಗಿದ್ದರು. ಎರಡನೆಯ ಸಾಕ್ಷಿಯಾಗಬೇಕಿದ್ದ ಗುಮಾಸ್ತ ಕೆಳಗೆ ಬೀದಿಯಲ್ಲಿ ಪಂಕ್ಚರಾದ ಚಕ್ರ ಬದಲಿಸುತ್ತಿದ್ದ. ಅವನನ್ನು ಕರೆಸಿ, ಕೆಮ್ಮುವ ಮುದುಕರನ್ನು ಮತ್ತೆ ಎಬ್ಬಿಸಿ ಕೂರಿಸಿ, ಆ ನಡುಗುವ ಕೈಗೆ ಮತ್ತೆ ಪೆನ್ನು ಕೊಡುವುದೆಂದರೆ ಸಂಜೆಯಾಗುತ್ತಿತ್ತು. ವಕೀಲಮ್ಮ ಕಾಗದವನ್ನು ಕೆಳಗೊಯ್ದು ಕಾರಿನ ಬಾನೆಟ್ಟಿನ ಮೇಲಿಟ್ಟು ಗುಮಾಸ್ತನ ರುಜು ಹಾಕಿಸಿದ್ದರು. ಮುದುಕರು ಹಾಸಿಗೆಯಿಂದಲೇ ಕಿಟಕಿಯಲ್ಲಿ ನೋಡುತ್ತಿದ್ದರು. ಏನೆಂದು ಕೇಳಲಿಲ್ಲ, ಕೆಮ್ಮಿದರು ಅಷ್ಟೇ.

ವಾರದೊಳಗೆ ಅವರು ತೀರಿಕೊಂಡರು. ಅವರ ಸೇವೆ ಮಾಡಿದ ಕಿರಿಯ ಮಗಳಿಗೆ ಮನೆ ಸಿಕ್ಕಿತು. ಕೆಮ್ಮು ಮಾತ್ರ ವಕೀಲಮ್ಮನ ಮನೆಗೆ ಬಂದು ಸೇರಿತು. ಬಚ್ಚಲಲ್ಲಿ ಕೆಮ್ಮಿತು, ಕಪಾಟಿನ ಹಿಂದೆ ಕೆಮ್ಮಿತು. ಗಂಡನಿಗೆ ಹೇಳಿದರೆ, “ನಿನಗೆ ಕಿವಿ ತೋರಿಸ್ಬೇಕು ಕಣೇ” ಎಂದು ಆ ಕಡೆ ಹೊರಳಿ ಮಲಗಿದರು.

ವಿಷಯ ತಿಳಿದಿದ್ದವರು ಮುದುಕರು ಮತ್ತು ಗುಮಾಸ್ತ. ಗುಮಾಸ್ತನೂ ಹೋದ ವರ್ಷ ಮಣ್ಣಾದ. ಇನ್ನು ಈ ಕಡ್ಡಿಗೆ ಹೇಳಿದವರು ಯಾರು? ಹೇಳಿದ್ದರೆ ಸತ್ತವರೇ ಹೇಳಿರಬೇಕು.

ಸಭಾಂಗಣದಲ್ಲಿ ಸೊಳ್ಳೆ ರೆಕ್ಕೆ ಬಡಿದರೂ ಕೇಳುವಷ್ಟು ಮೌನ. ಮೌನ ತಡೆಯಲಾರದೆ ವಕೀಲಮ್ಮ ಪಕ್ಕಕ್ಕೆ ಬಾಗಿದರು.

“ಏನ್ ಸಾರ್, ಈಗ ಗೊರಕೆ ಇಲ್ವಾ?”

“ನಿದ್ದೆ ಬರ್ತಿಲ್ಲ ಅಕ್ಕ,” ಎಂದರು ದಪ್ಪ ವಕೀಲರು. “ನೀವ್ಯಾಕೆ ಹೀಗೆ ಬೆವರ್ತಿದೀರಿ?”

“ಸೆಕೆ.”

“ಫ್ಯಾನು ನಿಮ್ಮ ನೆತ್ತಿ ಮೇಲೇ ತಿರುಗ್ತಿದೆ.”

“ಹಾಗಾದ್ರೆ ನಿಮ್ಮ ಕಾಲರ್ ಯಾಕೆ ಒದ್ದೆ?”

ಅವರು ತಮ್ಮ ಚಪ್ಪಲಿ ನೋಡಿಕೊಂಡರು.

ತರಬೇತುದಾರ ಪುಸ್ತಕ ಮುಚ್ಚಿದ. ಅವನ ಕಣ್ಣು ತಮ್ಮ ಸಾಲಿನ ಮೇಲೇ ನಿಂತಿದೆ ಅನ್ನಿಸಿತು ವಕೀಲಮ್ಮನಿಗೆ. “ಇಂಥದ್ದು ಬೇರೆಯವರ ಬಾಯಿಂದ ಹೊರಗೆ ಬಂದ್ರೆ ಸನದು ಹೋದ ಹಾಗೇ. ತಾವಾಗೇ ಬಂದು ಹೇಳಿದವರಿಗೆ ಉಳಿಯೋ ದಾರಿ ಇದೆ. ನಾನು ಪಕ್ಕದ ಕೋಣೆಯಲ್ಲಿ ಇರ್ತೀನಿ.”

ವಕೀಲಮ್ಮ ನೇರವಾಗಿ ಗೇಟಿನ ಕಡೆ ನಡೆದರು. ಬಾಯಿ ಬಿಟ್ಟರೆ ಉಯಿಲು ಬಿದ್ದುಹೋಗಬಹುದು. ಮೊನ್ನೆ ತಾನೇ ಆ ಮಗಳು ರಸ್ತೆಯಲ್ಲಿ ಕೈಹಿಡಿದು, “ನಿಮ್ಮಿಂದ ತಲೆ ಮೇಲೊಂದು ಸೂರು ಉಳೀತು ಅಕ್ಕ” ಎಂದಿದ್ದಳು. ಬಾಯಿ ಮುಚ್ಚಿದರೆ ಮೂವತ್ತು ವರ್ಷದ ವಕೀಲಿಕೆ ಹೋಗಬಹುದು. ಗೇಟಿನ ಕಂಬಕ್ಕೆ ಒರಗಿ ಬಹಳ ಹೊತ್ತು ನಿಂತರು. ಸ್ಕೂಟರು, ಕಾರುಗಳು ಅಂಗಳದಲ್ಲಿ ಬೆಳಗಿನಂತೆಯೇ ಸಾಲಾಗಿ ನಿಂತಿದ್ದವು. ಜನರ ಸುಳಿವಿರಲಿಲ್ಲ.

ಕಂಬದ ಹಿಂದೆ ಕೆಮ್ಮು ಕೇಳಿಸಿತು. ಈ ಸಲ ಬಹಳ ಹತ್ತಿರ, ಕಿವಿಗೆ ಬಿಸಿಯುಸಿರು ತಾಗುವಷ್ಟು.

ವಕೀಲಮ್ಮ ಓಡೋಡಿ ಹೋಗಿ ಪಕ್ಕದ ಕೋಣೆಯ ಬಾಗಿಲು ತಳ್ಳಿದರು. ತರಬೇತುದಾರ ಮೇಜಿನ ಹಿಂದೆ ತಲೆ ಹಿಡಿದುಕೊಂಡು ಕುಳಿತಿದ್ದ. ಅವನು ತಲೆಯೆತ್ತುವ ಮೊದಲೇ ಮುದುಕರು, ಗುಮಾಸ್ತ, ಬಾನೆಟ್ಟು ಎಲ್ಲ ಹೊರಬಂತು, ಆ ಮಗಳ ಮನೆಯ ವಿಳಾಸದ ಸಮೇತ. ಹೇಳಿ ಮುಗಿಸಿದಾಗ ಕೆಮ್ಮು ನಿಂತಿತ್ತು.

“ಹೇಳಪ್ಪ, ನಿನಗೆ ಹೇಳಿದ್ದು ಯಾರು? ಗುಮಾಸ್ತನಾ, ಆ ಮುದುಕರಾ? ಇಬ್ಬರೂ ಸತ್ತಿದಾರೆ.”

ಅವನು ಅವರನ್ನು ಮರುಕದಿಂದ ನೋಡಿದ.

“ಯಾರೂ ಹೇಳಿಲ್ಲ ಮೇಡಂ. ಪಾಠ ಸಪ್ಪೆಯಾಗುತ್ತೆ ಅಂತ ಬೆಳಿಗ್ಗೆ ಬಸ್ಸಲ್ಲಿ ಕೂತು ನಾನೇ ಕಟ್ಟಿದ ಕಥೆ ಅದು,” ಎಂದು ಒಳಕೋಣೆಯ ಬಾಗಿಲು ತೋರಿಸಿದ. “ಹೇಳಿದ್ದಾಯ್ತಲ್ಲ, ಈಗ ಬರೆದುಕೊಡಬೇಕು. ಒಳಗೆ ಹೋಗಿ. ಬರೆದುಕೊಡೋಕೆ ಬಂದವರಿಂದ ಕುರ್ಚಿಗಳೆಲ್ಲ ಆಗ್ಲೇ ತುಂಬಿವೆ, ನಿಂತ್ಕೋಬೇಕಾಗುತ್ತೆ.”