ಹೊಳೆ ಹೇಗಿದೆ ಇವತ್ತು

ನೀರಿನಿಂದ ಎತ್ತಿದ ಥರ್ಮಾಮೀಟರು ಇಪ್ಪತ್ನಾಲ್ಕು ಡಿಗ್ರಿ ತೋರಿಸುತ್ತಿದ್ದಾಗ ಥೆಲ್ಮಾಳ ಜೇಬಿನಲ್ಲಿ ಫೋನು ಬಡಿದುಕೊಂಡಿತು. ವೃದ್ಧಾಶ್ರಮದಿಂದ ಗಂಡ ಡೆಸ್. ಗರಿಯಿಂದ ಹುಳದಂಥ ಗಾಳ ಕಟ್ಟಿ, ತಣ್ಣೀರಲ್ಲಷ್ಟೇ ಬದುಕುವ ಟ್ರೌಟ್ ಮೀನಿಗೆ ಬೀಸುವುದನ್ನು ಈ ಹೊಳೆಯಲ್ಲೇ ನಲವತ್ತು ವರ್ಷ ಜನಕ್ಕೆ ಕಲಿಸಿದವನು. ಈಗ ನಿನ್ನೆಯದು ನೆನಪಿರುವುದಿಲ್ಲ; ಬೆಳಿಗ್ಗೆ ಹೊಳೆಯನ್ನು ವಿಚಾರಿಸುವುದು ಮಾತ್ರ ತಪ್ಪಿಲ್ಲ.

"ಹೊಳೆ ಹೇಗಿದೆಯೇ ಇವತ್ತು?"

ಟಾಸ್ಮೇನಿಯದಲ್ಲಿ ಅದು ಬೇಸಿಗೆ; ಆ ಫೆಬ್ರವರಿ ಮಳೆಯೇ ಬಂದಿರಲಿಲ್ಲ. ಕಾದ ನೀರಲ್ಲಿ ಉಸಿರು ಸಿಗದೆ ಸತ್ತ ಮೀನುಗಳು ಹೊಟ್ಟೆ ಮೇಲಾಗಿ ಅವಳ ಬೂಟಿಗೆ ತಾಗಿಕೊಂಡು ಹೋಗುತ್ತಿದ್ದವು. ಅವಳಿಗೆ ಏನೂ ಅನ್ನಿಸಲಿಲ್ಲ. ಎರಡು ವರ್ಷದಿಂದ ಯಾವುದಕ್ಕೂ ಏನೂ ಅನ್ನಿಸುತ್ತಿರಲಿಲ್ಲ. ಮರೆವು ಶುರುವಾದಾಗಲೇ, ತನಗೆ ಸುಳ್ಳು ಹೇಳಕೂಡದೆಂದು ಡೆಸ್ ಮಾತು ತೆಗೆದುಕೊಂಡಿದ್ದ. ಅದರಂತೆ, ಮಗ ಕೆಲ್ವಿನ್ ಎಲ್ಲಿ ಎಂದು ಕೇಳಿದಾಗಲೆಲ್ಲ, ಅವನು ತೀರಿಹೋದ ಎಂದೇ ಹೇಳಿದ್ದಳು. ಪ್ರತಿ ಸಲವೂ ಡೆಸ್ ಹೊಸದಾಗಿ ಅತ್ತಿದ್ದ.

"ತಣ್ಣಗಿದೆ," ಎಂದಳು. "ನೀರಿಂದ ಹುಳ ಏಳ್ತಿವೆ. ಮೀನು ಮೇಲೆ ಬಂದು ಬಾಯಿ ಹಾಕ್ತಿವೆ."

"ಹಾಗಾದ್ರೆ ಕೆಲ್ವಿನ್ ಹೊಳೆಯ ಆ ತಿರುವಲ್ಲೇ ಇರ್ಬೇಕು. ಇಂಥಾ ದಿನ ಆ ಕತ್ತೆ ಮನೇಲಿರ್ತಾನಾ?"

ಥೆಲ್ಮಾ ತಿರುವಿನ ಕಡೆ ನೋಡಿದಳು. ನೀರಿಳಿದು ಎದ್ದ ಕಲ್ಲುಗಳಷ್ಟೇ ಅಲ್ಲಿದ್ದವು.

"ಹೂಂ," ಎಂದಳು. "ಅಲ್ಲೇ ಇದ್ದಾನೆ."

"ಊಟ ಗೀಟ ಅಂತ ಕರೀಬೇಡ ಮತ್ತೆ. ಅವನ ಪಾಡಿಗೆ ಇರ್ಲಿ ಬಿಡು," ಎಂದು ಡೆಸ್ ನಕ್ಕ.

ಅವನು ನಕ್ಕಿದ್ದನ್ನು ಕೇಳಿ ಎಷ್ಟು ಕಾಲವಾಗಿತ್ತೋ. ಥೆಲ್ಮಾ ಆ ಬೆಚ್ಚಗಿನ ನೀರಲ್ಲೇ ಕೂತುಬಿಟ್ಟಳು.

"ಕರೆಯಲ್ಲ," ಎಂದಳು.